ಕಂಬಳಿಯೊಳಗಿನ ಕಿಡಿ

ನನ್ನ ಮಾವನಿಗೆ ಕೋಪ ಬರುವುದಿಲ್ಲ. ಅದು ಯಾವಾಗಲೂ ಇದ್ದೇ ಇರುತ್ತದೆ, ಆಗಾಗ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ ಅಲ್ಲಿನವರು ಅವರಿಗೆ ಫ್ಯೂಸ್ ಎಂದು ಹೆಸರಿಟ್ಟಿದ್ದರು. ಯಾವ ಗಳಿಗೆಯಲ್ಲಿ ಹಾರಿಹೋಗುತ್ತದೋ ಹೇಳಲಾಗದು ಎಂಬ ಅರ್ಥದಲ್ಲಿ. ನಿವೃತ್ತಿಯ ದಿನ ಮ್ಯಾನೇಜರು ಭಾಷಣದ ಮಧ್ಯೆ ಬಾಯಿತಪ್ಪಿ ಅದೇ ಹೆಸರು ಹೇಳಿಬಿಟ್ಟರಂತೆ. ಉಡುಗೊರೆಯಾಗಿ ಕೊಟ್ಟ ಗೋಡೆ ಗಡಿಯಾರವನ್ನು ಮಾವ ಮೇಜಿನ ಮೇಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದರಂತೆ. ಮಾರನೆಯ ದಿನ ಅತ್ತೆ ಹೋಗಿ, ನಾಲ್ಕು ಜನರಿಗೆ ಸಮಾಧಾನ ಹೇಳಿ, ಅದನ್ನು ತಂದರು. ಅತ್ತೆ ಈಗ ಇಲ್ಲ. ಗಡಿಯಾರ ಅಡುಗೆಮನೆಯಲ್ಲಿ ಸರಿಯಾಗಿಯೇ ನಡೆಯುತ್ತಿದೆ.

ನಾನೂ ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ದಿನವಿಡೀ ನಿಂತು, ಚೀಟಿ ತರದೆ ಮಾತ್ರೆ ಕೇಳುವವರ ಜೊತೆ ಜಗಳವಾಡಿ ನಾಲಿಗೆ ಹರಿತವಾಗಿದೆ. ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ. ಸ್ನಾನದ ಮನೆಯ ಬಲ್ಬಿನಿಂದ ಹಿಡಿದು ಚಪ್ಪಲಿ ಬಿಡುವ ಜಾಗದವರೆಗೆ ಎಲ್ಲಕ್ಕೂ ಕಿತ್ತಾಟ. ನಮ್ಮಿಬ್ಬರನ್ನು ಒಂದು ಮಾಡಿದ್ದು ಅವರ ಕಾರು. ಡ್ರೈವಿಂಗ್ ಶಾಲೆಯವನು ನನಗೆ ಕಲಿಸಲಾಗುವುದಿಲ್ಲ ಎಂದು ಕೈಬಿಟ್ಟ ಮೇಲೆ ಮಾವನೇ ಪಕ್ಕದಲ್ಲಿ ಕೂತು, ಗಂಟಲು ಹರಿದುಹೋಗುವಂತೆ ಬೈದು ಬೈದು ಕಲಿಸಿದರು. ನಾನೂ ಅಷ್ಟೇ ಜೋರಾಗಿ ತಿರುಗಿ ಬೈದು ಬೈದು ಕಲಿತೆ. ಲೈಸೆನ್ಸು ಬಂದ ದಿನ ಅವರು ಹೇಳಿದ್ದು ಒಂದೇ ಮಾತು: "ಕ್ಲಚ್ಚು ಮಾತ್ರ ಇನ್ನೂ ಕೊಲ್ತಿದ್ದೀಯ." ಅವರ ಬಾಯಲ್ಲಿ ಅದು ಹೊಗಳಿಕೆ.

ಕಾರು ನನ್ನ ಗಂಡನಿಗಿಂತ ಹಳೆಯದು. ಅದರ ಬಣ್ಣ ಯಾವುದು ಎಂಬುದರ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ಕಿಟಕಿ ಇಳಿಸಲು ಹಿಡಿಕೆ ತಿರುಗಿಸಬೇಕು, ಹಿಂದಿನ ಬಾಗಿಲು ಒಳಗಿನಿಂದ ತೆಗೆದರೆ ಮಾತ್ರ ತೆಗೆಯುತ್ತದೆ. ಆದರೆ ಇಂಜಿನ್ನಿನ ಮೇಲೆ ಮಾವನಿಗಿದ್ದ ಅಭಿಮಾನ ಅವರ ಮಗನ ಮೇಲೂ ಇದ್ದಂತೆ ಕಾಣೆ. ನಿವೃತ್ತಿಯಾದ ಮೇಲೆ ನಮ್ಮ ಬೀದಿಯ ಮಕ್ಕಳನ್ನೆಲ್ಲ ಅದರಲ್ಲಿ ತುಂಬಿಕೊಂಡು ಶಾಲೆಗೆ ಬಿಟ್ಟು, ಸಂಜೆ ಕರೆತರುವ ಕೆಲಸ ಹಿಡಿದರು. ನನ್ನ ಮಗಳೂ ಅದರಲ್ಲೇ. ಬೀದಿಯ ತಾಯಂದಿರು ಮಾವನ ಬಾಯಿಗೆ ಹೆದರುತ್ತಿದ್ದರು, ಆದರೆ ಮಕ್ಕಳನ್ನು ಮಾತ್ರ ಕಣ್ಣುಮುಚ್ಚಿಕೊಂಡು ಕೊಟ್ಟು ಕಳಿಸುತ್ತಿದ್ದರು.

ಮಕ್ಕಳಿಗೆ ಆ ಕಾರೆಂದರೆ ಪ್ರಾಣ. ಕಾರಣ ಮುಂದಿನ ಸೀಟು. ಅಲ್ಲಿ ಕೂತವರು ಆ ದಿನದ ಕಂಡಕ್ಟರ್. ದಾರಿಯುದ್ದಕ್ಕೂ ಮುಂದೆ ಏನಿದೆ ಎಂದು ಕೂಗಿ ಹೇಳುವುದು ಕಂಡಕ್ಟರನ ಕೆಲಸ. "ಕೆಂಪು!" "ಹಸಿರು!" "ಸೈಕಲ್ ಬಲಗಡೆ!" "ಅಜ್ಜಿ ದಾಟ್ತಿದ್ದಾರೆ!" ಸರಿಯಾಗಿ ಹೇಳಿದವರಿಗೆ ಇಳಿಯುವಾಗ ಒಮ್ಮೆ ಹಾರ್ನ್ ಒತ್ತುವ ಅವಕಾಶ. ಹೊಸ ಆಟ, ಹೋದ ವರ್ಷವಷ್ಟೇ ಶುರುವಾದದ್ದು. ಮಕ್ಕಳಿಗೆ ರಸ್ತೆಯ ನಿಯಮ ಎಷ್ಟು ಚೆನ್ನಾಗಿ ಕಲಿಸುತ್ತಾರೆ ನೋಡಿ ಎಂದು ಶಾಲೆಯ ಟೀಚರು ಕೂಡ ಮೆಚ್ಚಿಕೊಂಡಿದ್ದರು. ನಾನಂತೂ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಬೀಗಿದ್ದೆ.

ಹೀಗಿರುವಾಗ ಶುಕ್ರವಾರ ಸಂಜೆ ಕಾರು ಶಾಲೆಯ ಗೇಟಿನ ಎದುರಿಗೇ ನಿಂತುಹೋಯಿತು. ಕೀ ತಿರುಗಿಸಿದರೆ ಇಂಜಿನ್ನು ಕೊರ್ ಕೊರ್ ಎಂದು ಸುತ್ತುತ್ತದೆ, ಹೊತ್ತಿಕೊಳ್ಳುವುದಿಲ್ಲ. ಕೊರಿಯರ್ ಆಫೀಸಿನಲ್ಲಿದ್ದ ನನ್ನ ಗಂಡನನ್ನು ಕರೆಸಿದರು. ಅವರು ಇಸ್ತ್ರಿ ಮಾಡಿದ ಅಂಗಿಯಲ್ಲೇ ಕಾರನ್ನು ಮನೆಯವರೆಗೆ ತಳ್ಳಿದರು. ಸ್ಟೀರಿಂಗ್ ಹಿಡಿದು ಕೂತಿದ್ದ ಮಾವ ದಾರಿಯುದ್ದಕ್ಕೂ, "ನೆಟ್ಟಗೆ ತಳ್ಳೋಕೂ ಬರಲ್ವೇನೋ ನಿನಗೆ?" ಎಂದು ಬೈದರಂತೆ.

ಮನೆಗೆ ಬಂದ ಗಂಡ ಬೆವರು ಒರೆಸಿಕೊಳ್ಳುವ ಮೊದಲೇ ಹೇಳಿಬಿಟ್ಟರು. "ಸಾಕಪ್ಪ. ಗುಜರಿಯವನಿಗೆ ಫೋನ್ ಮಾಡಿದ್ದೀನಿ. ಭಾನುವಾರ ಸಂಜೆ ಬಂದು ಎಳ್ಕೊಂಡು ಹೋಗ್ತಾನೆ."

"ಯಾರ ಕಾರನ್ನೋ?"

"ನಿಮ್ಮ ಕಾರನ್ನೇ. ಕಳೆದ ಸಲ ಗೇಟಿಗೆ ತಾಗಿಸಿದ್ರಿ, ಅದಕ್ಕೂ ಮುಂಚೆ ಕನ್ನಡಿ ಮುರೀತು. ಈಗ ಇದು. ಆ ಗಾಡಿ ಸತ್ತಿದೆ ಅಪ್ಪ, ನೀವು ಒಪ್ಪಿಕೊಳ್ತಿಲ್ಲ ಅಷ್ಟೇ."

ಮಾವನ ಮುಖ ಕೆಂಪಾಯಿತು. ನನಗೆ ಅವರಿಗಿಂತ ಮೊದಲು ಕೋಪ ನೆತ್ತಿಗೇರಿತು. ಇಡೀ ಜೀವಮಾನ ಬಸ್ಸುಗಳಿಗೆ ಜೀವ ತುಂಬಿದ ಮನುಷ್ಯನ ಕೈಯಿಂದ ಹೇಳದೆ ಕೇಳದೆ ಕೀ ಕಿತ್ತುಕೊಳ್ಳುವುದೆಂದರೇನು? ನಾನು ಗಂಡನ ಮೇಲೆ ಎಗರಿ ಬಿದ್ದೆ. ಅವರು ಆಡಿದ್ದಕ್ಕೂ ಬೈದೆ, ಆಡದೆ ಬಿಟ್ಟದ್ದಕ್ಕೂ ಬೈದೆ. ಕೊನೆಗೆ ಅವರು ಕೈಮುಗಿದು ಒಂದು ಮಾತು ಕೊಟ್ಟರು. ಭಾನುವಾರ ಗುಜರಿಯವನು ಬರುವಷ್ಟರಲ್ಲಿ ಕಾರು ಸ್ಟಾರ್ಟ್ ಆದರೆ ಕಾರೂ ಇರಲಿ, ಕೀಯೂ ಅಪ್ಪನ ಹತ್ತಿರವೇ ಇರಲಿ, ತಾನು ಇನ್ನು ತುಟಿ ಪಿಟಕ್ಕೆನ್ನುವುದಿಲ್ಲ. ಆಗದಿದ್ದರೆ ಕಾರು ಹೋಗಲಿ, ಮಕ್ಕಳು ಸೋಮವಾರದಿಂದ ಬಸ್ಸಿನಲ್ಲಿ ಹೋಗಲಿ.

"ಆಗುತ್ತೆ," ಎಂದೆ ನಾನು. "ಮಾವ, ನಾನು ಕೀ ತಿರುಗಿಸ್ತೀನಿ, ನೀವು ನೋಡಿ."

ಭಾನುವಾರ ಬೆಳಿಗ್ಗೆ ಮನೆಯ ಪಕ್ಕದ ಓಣಿಯಲ್ಲಿ ಬಾನೆಟ್ ಎತ್ತಿ ಕೆಲಸ ಶುರುಮಾಡಿದೆವು. ಮಾವ ಕೆಲಸಕ್ಕೆ ಇಳಿದಾಗ ಪಾಠ ಹೇಳುವುದುಂಟು, ಕೇಳುವವರು ಬೇಡವೆಂದರೂ. ಬ್ಯಾಟರಿಯ ಬಡ ಕರೆಂಟನ್ನು ಕಾಯಿಲ್ ಎಂಬ ಡಬ್ಬಿ ಜೋರು ಮಾಡುತ್ತದೆ. ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ತುಟಿಗಳು ಕೂಡಿ ಬಿಟ್ಟು, ಕೂಡಿ ಬಿಟ್ಟು ಅದನ್ನು ತುಂಡು ತುಂಡಾಗಿ ಕಳಿಸುತ್ತವೆ. ಅದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಆ ಕಿಡಿಗೆ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಪೆಟ್ರೋಲಿನ ವಾಸನೆ ಬರುತ್ತಿದೆ, ಇಂಜಿನ್ನು ಸುತ್ತುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಹಾಗಾದರೆ ಕಿಡಿಯೇ ಇಲ್ಲ.

ಕಿಡಿ ಇದೆಯೋ ಇಲ್ಲವೋ ನೋಡುವುದಕ್ಕೆ ಅವರದೊಂದು ಕ್ರಮವಿತ್ತು. ಒಂದು ಪ್ಲಗ್ಗನ್ನು ಬಿಚ್ಚಿ, ವೈರಿಗೆ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕುಳದಲ್ಲಿ ಹಿಡಿದು ಇಂಜಿನ್ನಿನ ಮೈಗೆ ತಾಗಿಸಬೇಕು. ಒಬ್ಬರು ಒಳಗೆ ಕೂತು ಕೀ ತಿರುಗಿಸಬೇಕು. ಬಿಸಿಲಿನಲ್ಲಿ ಕಿಡಿ ಕಾಣುವುದಿಲ್ಲವೆಂದು ಮಾವ ತಲೆಯ ಮೇಲೊಂದು ಹಳೆಯ ಕಂಬಳಿ ಹೊದ್ದು ಇಂಜಿನ್ನಿನ ಮೇಲೆ ಬಗ್ಗುತ್ತಿದ್ದರು. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಿದರೆ ಸರಿ. ಹಳದಿಯಾದರೆ ಕರೆಂಟು ಸೋತಿದೆ ಎಂದರ್ಥ. ಏನೂ ಹಾರದಿದ್ದರೆ ಒಂದೊಂದೇ ಭಾಗವನ್ನು ಹಿಡಿದು ವಿಚಾರಣೆ. ಕಿಡಿಯನ್ನು ಕಣ್ಣಾರೆ ಕಾಣುವವರೆಗೆ ಪ್ಲಗ್ಗು ಹಿಂದಕ್ಕೆ ಹಾಕುವಂತಿಲ್ಲ, ಸುಮ್ಮನೆ ಸ್ಟಾರ್ಟ್ ಮಾಡಿ ನೋಡುವಂತಿಲ್ಲ. ಡಿಪೋದ ನಿಯಮ. "ಕಿಡಿ ನೋಡದೆ ಸೆಲ್ಫ್ ಹೊಡೆಯೋದು ಕುರುಡು ಕೆಲಸ," ಎನ್ನುತ್ತಿದ್ದರು. ನೋಡುವ ಕೆಲಸ ಯಾವಾಗಲೂ ಅವರದೇ. ಆ ಜಾಗವನ್ನು ಅವರು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

"ತಿರುಗಿಸು!" ಕಂಬಳಿಯೊಳಗಿನಿಂದ ಕೂಗು ಬಂತು.

ತಿರುಗಿಸಿದೆ. ಕೊರ್ ಕೊರ್ ಕೊರ್.

"ಇಲ್ಲ."

ಮೊದಲು ಪಾಯಿಂಟ್ ಬಿಚ್ಚಿದರು. ಕಪ್ಪು ಹಿಡಿದು ಹೋಗಿತ್ತು. ಅದನ್ನು ಉಜ್ಜುಕಾಗದದಲ್ಲಿ ತಿಕ್ಕಿ, ಎರಡು ತುಟಿಗಳ ನಡುವಿನ ಸಂದನ್ನು ತೆಳುವಾದ ಉಕ್ಕಿನ ಪಟ್ಟಿ ತೂರಿಸಿ ಬೆರಳಲ್ಲೇ ಅಳೆದರು. ಅವರ ಬೆರಳುಗಳ ನಯ ನೋಡುವಂತಿತ್ತು. ಹಾಗೆ ನೋಡುತ್ತಾ, ಇವರನ್ನು ಮೂಲೆಗೆ ಕೂರಿಸಲು ಹೊರಟಿದ್ದಾರಲ್ಲ ಎಂದು ಗಂಡನ ಮೇಲೆ ಇನ್ನಷ್ಟು ಹೊಟ್ಟೆ ಉರಿಯಿತು.

"ತಿರುಗಿಸು!"

ಕೊರ್ ಕೊರ್.

"ಇಲ್ಲ."

ಆಮೇಲೆ ಪಾಯಿಂಟಿನ ಪಕ್ಕದ ಕಂಡೆನ್ಸರ್ ಬದಲಾಯಿಸಿದರು. ಅವರ ಹತ್ತಿರ ಬಿಡಿಭಾಗಗಳ ಒಂದು ಕಬ್ಬಿಣದ ಪೆಟ್ಟಿಗೆಯೇ ಇತ್ತು. ಇಲ್ಲ. ವೈರುಗಳ ತುದಿ ಕೆರೆದು ಬಿಗಿ ಮಾಡಿದರು. ಇಲ್ಲ. ವೈರುಗಳೆಲ್ಲ ಬಂದು ಸೇರುವ ಮುಚ್ಚಳವನ್ನು ಒಣಬಟ್ಟೆಯಲ್ಲಿ ಒರೆಸಿದರು. ಒಳಗೆ ಸುತ್ತುವ ರೋಟರನ್ನು ಹೊಸದು ಹಾಕಿದರು. ಇಲ್ಲ. ಪ್ರತಿಸಲ ಇಲ್ಲ ಎನ್ನುವಾಗಲೂ ಅವರ ದನಿ ಏರುತ್ತಿತ್ತು. ನಾನು ಕೀ ತಿರುಗಿಸುವುದು ಸರಿಯಿಲ್ಲ ಎಂದು ಬೈದರು. ಓಣಿಯಲ್ಲಿ ಹಾದುಹೋದ ಸ್ಕೂಟರಿಗೆ ಬೈದರು. ಈಗಿನ ಕಂಪನಿಗಳು ಮಾಡುವ ಬಿಡಿಭಾಗಗಳಿಗೆ, ಅವುಗಳನ್ನು ಮಾರುವವರಿಗೆ, ಕೊಳ್ಳುವ ಮೂರ್ಖರಿಗೆ ಬೈದರು. ಇಕ್ಕುಳ ಕೈಗೆ ಸಿಗದಿದ್ದಾಗ ಪೆಟ್ಟಿಗೆಯನ್ನೇ ಒದ್ದರು. ಇಕ್ಕುಳ ಅವರ ಕಾಲಿನ ಹತ್ತಿರವೇ ಬಿದ್ದಿತ್ತು.

ನಾನೂ ಸುಮ್ಮನಿರಲಿಲ್ಲ. ಸೀಟಿನ ಸ್ಪ್ರಿಂಗು ಚುಚ್ಚುತ್ತಿತ್ತು. ಎದುರಿಗೆ ಎತ್ತಿದ ಬಾನೆಟ್ಟು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹೊಟ್ಟೆ ಬೇರೆ ಚುರುಗುಟ್ಟುತ್ತಿತ್ತು. "ನನ್ನ ಮೇಲೆ ಯಾಕೆ ರೇಗ್ತೀರಿ? ಕಿಡಿ ನುಂಗಿದ್ದು ನಾನಾ?" ಎಂದು ನಾನೂ ಕೂಗಿದೆ. ವರಾಂಡದಲ್ಲಿ ಪೇಪರ್ ಓದುತ್ತಿದ್ದ ಗಂಡ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಪೇಪರಿಗೆ ಇಳಿದರು. ಆ ಪೇಪರನ್ನು ಮೊದಲೆಲ್ಲ ಮಾವನೇ ಮೊದಲು ಓದುತ್ತಿದ್ದರು. ಬರೀ ಸುಳ್ಳು ಬರೆಯುತ್ತಾರೆಂದು ಸಿಟ್ಟಾಗಿ ಬಿಟ್ಟುಬಿಟ್ಟಿದ್ದರು.

ಕೊನೆಗೆ ಉಳಿದದ್ದು ಕಾಯಿಲ್. ಮಾವ ಪೆಟ್ಟಿಗೆಯ ತಳದಿಂದ ಎಣ್ಣೆಕಾಗದದಲ್ಲಿ ಸುತ್ತಿಟ್ಟಿದ್ದ ಹೊಸ ಕಾಯಿಲನ್ನು ತೆಗೆದರು. ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು ನಿಂತರು. ಆ ಹೊತ್ತಿನಲ್ಲಿ ಅವರು ಬೈಯಲಿಲ್ಲ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ, ಕಂಬಳಿ ಹೊದ್ದರು.

"ತಿರುಗಿಸು."

ಕೊರ್ ಕೊರ್ ಕೊರ್. ಈ ಸಲ "ಇಲ್ಲ" ಬರಲಿಲ್ಲ. "ಹಾ!" ಎಂಬ ಚೀತ್ಕಾರ ಬಂತು, ಜೊತೆಗೆ ಬಾನೆಟ್ಟಿಗೆ ಮೊಣಕೈ ಬಡಿದ ಸದ್ದು. ನಾನು ಓಡಿ ಇಳಿದೆ. ಮಾವ ಎಡಗೈಯಲ್ಲಿ ಬಲಗೈಯನ್ನು ಹಿಡಿದು ಅದುಮಿಕೊಂಡಿದ್ದರು.

"ಶಾಕ್ ಹೊಡೀತಾ ಮಾವ?"

"ಏನಿಲ್ಲ. ಕೈ ಜಾರಿತು."

"ಶಾಕೇ ಹೊಡೆದಿದ್ದು. ಕೈ ನಡುಗ್ತಿದೆ."

"ಏನಿಲ್ಲ ಅಂದ್ನಲ್ಲ! ಹೋಗಿ ಕೂತ್ಕೋ."

ನಾನು ಹೋಗಲಿಲ್ಲ. ನನ್ನ ತಲೆಯಲ್ಲಿ ಒಂದು ಮಾತು ಸಿಕ್ಕಿಹಾಕಿಕೊಂಡಿತ್ತು. "ಅಲ್ಲ ಮಾವ, ಕಿಡಿಯೇ ಇಲ್ಲ ಅಂದ್ರೆ ಶಾಕ್ ಎಲ್ಲಿಂದ ಬಂತು?"

ಅವರು ನನ್ನತ್ತ ತಿರುಗಿದರು. ಎಂದಿನ ಸಿಟ್ಟಿನ ಮುಖ. ಆದರೆ ಅವರು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ನನ್ನ ಕಿವಿಯ ಆಚೆ ಎಲ್ಲೋ. "ದೊಡ್ಡ ತಿಳಿದವಳು! ಡಿಪೋದಲ್ಲಿ ನೀನಿದ್ಯೋ ನಾನಿದ್ನೋ? ಇಲ್ಲ ಅಂದ್ರೆ ಇಲ್ಲ!"

"ರೀ!" ನಾನು ಗಂಡನನ್ನು ಕೂಗಿದೆ. "ಬನ್ನಿ ಇಲ್ಲಿ, ಕೀ ತಿರುಗಿಸಿ. ನಾನು ನೋಡ್ತೀನಿ."

"ನಿನಗೇನು ಗೊತ್ತಾಗುತ್ತೆ?" ಮಾವ ಅಡ್ಡ ನಿಂತರು.

"ಕಿಡಿ ಕಾಣೋಕೆ ಡಿಪೋದಲ್ಲಿ ಕೆಲಸ ಮಾಡಿರಬೇಕಾ?"

ಗಂಡ ಬಂದು ಗೊಣಗುತ್ತಾ ಸೀಟಿನಲ್ಲಿ ಕೂತರು. ಮಾವ ಬೇರೆ ದಾರಿಯಿಲ್ಲದೆ ಇಕ್ಕುಳದಲ್ಲಿ ಪ್ಲಗ್ಗು ಹಿಡಿದು ಬಗ್ಗಿದರು. ನಾನು ಅವರ ಪಕ್ಕದಲ್ಲಿ ತಲೆ ತೂರಿಸಿ ಕಂಬಳಿಯನ್ನು ಇಬ್ಬರ ಮೇಲೂ ಎಳೆದುಕೊಂಡೆ. ಒಳಗೆ ಕತ್ತಲೆ. ಪೆಟ್ರೋಲಿನ ವಾಸನೆ, ಹಳೆಯ ಉಣ್ಣೆಯ ವಾಸನೆ, ಮಾವನ ಬಿಸಿಯುಸಿರು.

"ತಿರುಗಿಸಿ!" ಎಂದೆ.

ಕೊರ್ ಕೊರ್ ಕೊರ್. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರುತ್ತಿತ್ತು. ಸಣ್ಣದು, ಅಕ್ಕಿಕಾಳಿನಷ್ಟು, ಆದರೆ ಕಣ್ಣು ಚುಚ್ಚುವಂಥದು. ಒಂದಾದ ಮೇಲೊಂದು, ಒಂದೂ ತಪ್ಪದೆ. ನನಗೆ ಕುಣಿಯಬೇಕು ಅನ್ನಿಸಿತು. ಮಾವನ ಕಡೆ ತಿರುಗಿದೆ. ಅವರ ಮುಖ ಪ್ಲಗ್ಗಿನಿಂದ ಒಂದು ಗೇಣು ದೂರದಲ್ಲಿತ್ತು. ಎರಡೂ ಕಣ್ಣು ಅಗಲಿಸಿ ಆ ಕಿಡಿಯನ್ನೇ ನೇರವಾಗಿ ನೋಡುತ್ತಿದ್ದರು. ಅದರ ನೀಲಿ ಅವರ ಕಣ್ಣಿನಲ್ಲೂ ಮಿನುಗುತ್ತಿತ್ತು.

"ನೋಡು," ಎಂದರು. "ಇಲ್ಲ."



ಕೀ ನಿಂತಿತು. ಕೊರ್ ಕೊರ್ ನಿಂತಿತು. ಕಂಬಳಿಯೊಳಗೆ ನಾವಿಬ್ಬರೇ.

"ಮಾವ," ಎಂದೆ, ಮೆಲ್ಲಗೆ. "ನಿಮಗೆ ಕಾಣಲಿಲ್ವಾ?"

 ಅವರು ಕೇಳಿದರು, "ಇತ್ತಾ?"

"ಇತ್ತು."

"ಯಾವಾಗಿನಿಂದ?"

"ನನಗೇನು ಗೊತ್ತು? ಬಹುಶಃ ನೀವು ಪಾಯಿಂಟ್ ಉಜ್ಜಿದಾಗಲೇ ಸರಿಹೋಗಿತ್ತು. ಬೆಳಿಗ್ಗೆಯಿಂದ ಇತ್ತು ಅನ್ಸುತ್ತೆ ಮಾವ."

 ಆಮೇಲೆ ಹೇಳಿದ್ದನ್ನೆಲ್ಲ ಅವರು ಹಲ್ಲು ಕಚ್ಚಿಕೊಂಡೇ ಹೇಳಿದರು. ಕಣ್ಣಿನ ನಡುಮಧ್ಯೆ ಒಂದು ಮಸಿಯ ಚುಕ್ಕೆ ಇದೆಯಂತೆ. ಮೊದಲು ಚಿಕ್ಕದಿತ್ತು, ಈಗ ದೊಡ್ಡದಾಗಿದೆ. ಯಾವುದನ್ನು ನೇರವಾಗಿ ನೋಡಲು ಹೋದರೂ ಅದನ್ನು ಚುಕ್ಕೆ ನುಂಗಿಬಿಡುತ್ತದೆ. ಅಂಚಿನಲ್ಲಿ ಮಾತ್ರ ಕಾಣುತ್ತದೆ, ಗೋಡೆ, ಬಾಗಿಲು, ನಡೆಯುವ ಜನ. "ಕಾಯಿಲ್ ಕೆಟ್ಟಿರಲಿ ಅಂತ ಬೇಡ್ಕೋತಿದ್ದೆ ಕಣಮ್ಮ," ಎಂದರು. "ಹೊಸದು ಹಾಕಿದ್ಮೇಲೂ ಕಾಣಲಿಲ್ಲ. ಪ್ಲಗ್ ಸರಿಯಾಗಿ ತಾಗಿದೆಯಾ ಅಂತ ಬೆರಳಲ್ಲಿ ತಡವಿ ನೋಡಿದೆ. ಆಗಲೇ ಹೊಡೀತು."

ಅಷ್ಟು ಹೊತ್ತಿಗೆ ಕನಿಕರ ಹುಟ್ಟಬೇಕಾಗಿತ್ತು. ಹುಟ್ಟುತ್ತಿತ್ತೋ ಏನೋ. ಆದರೆ ಆ ಗೋಡೆ, ಬಾಗಿಲು, ನಡೆಯುವ ಜನ ಎಂಬ ಮಾತಿನ ಹಿಂದೆಯೇ ನನಗೆ ರಸ್ತೆ ನೆನಪಾಯಿತು.

"ಮತ್ತೆ ಗಾಡಿ ಹೇಗೆ ಓಡಿಸ್ತಿದ್ರಿ?"

"ಅಂಚಲ್ಲಿ ಕಾಣುತ್ತೆ ಅಂದ್ನಲ್ಲ. ದಾರಿ ಗೊತ್ತಿರೋದೇ. ಆಮೇಲೆ..."

"ಆಮೇಲೆ?"

"ಮಕ್ಕಳು ಹೇಳ್ತಾರೆ."

ಕೆಂಪು. ಹಸಿರು. ಸೈಕಲ್ ಬಲಗಡೆ. ಅಜ್ಜಿ ದಾಟ್ತಿದ್ದಾರೆ. ನಾನು ಊರಿಗೆಲ್ಲ ಹೇಳಿಕೊಂಡು ಬೀಗಿದ ಆಟ. ನನ್ನ ಮಗಳು ಹಾರ್ನ್ ಒತ್ತುವ ಆಸೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮುಂದೆ ನೋಡುತ್ತಾ ಕೂಗುತ್ತಿದ್ದದ್ದು ಆಟವಾಗಿರಲಿಲ್ಲ. ಒಂದು ದಿನ ಅವಳು ಆಕಳಿಸಿದ್ದರೆ? ಕೂದಲಿನ ಕ್ಲಿಪ್ಪು ಬಿತ್ತೆಂದು ಬಗ್ಗಿದ್ದರೆ?  ಆಮೇಲೆ ಎಂದೂ ಬಾರದಂಥ ಕೋಪ ಬಂತು. ಕೂಗಲೂ ಆಗದಂಥ ಕೋಪ.

"ನನ್ನ ಮಗಳ ಕಣ್ಣಲ್ಲಿ ಗಾಡಿ ಓಡಿಸ್ತಿದ್ರಾ?" ಪಿಸುಗುಟ್ಟಿದೆ. "ಅಷ್ಟೂ ಮಕ್ಕಳನ್ನ ಕೂರಿಸ್ಕೊಂಡು? ನಾಚಿಕೆ ಆಗಲ್ವಾ ನಿಮಗೆ? ಒಂದು ಮಾತು ಹೇಳೋಕೆ ಏನಾಗಿತ್ತು? ಮನೇಲಿ ನಾನೊಬ್ಬಳು ಇರಲಿಲ್ವಾ? ದಿನಾ ಊರಿನವರ ಕಣ್ಣಿಗೆಲ್ಲ ಡ್ರಾಪ್ಸ್ ಕೊಡ್ತೀನಿ!"

"ಮೆಲ್ಲಗೆ," ಎಂದರು ಅವರು.

"ಯಾಕೆ ಮೆಲ್ಲಗೆ? ನಿಮಗೋಸ್ಕರ ಗಂಡನ ಜೊತೆ ಕಚ್ಚಾಡಿದೆ ನಾನು!"

ಅಷ್ಟರಲ್ಲಿ ಸೀಟಿನಿಂದ ಗಂಡನ ದನಿ. "ಏನಾಯ್ತು? ಕಿಡಿ ಇದೆಯಾ, ಇಲ್ವಾ? ಗುಜರಿಯವನು ಫೋನ್ ಮಾಡಿದ್ದ, ಹೊರಟಿದ್ದಾನಂತೆ!"

ಮಾವನ ಕೈ ಕತ್ತಲೆಯಲ್ಲಿ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಎಣ್ಣೆ ಮೆತ್ತಿದ ಕೈ. ಬಿಗಿಯಾಗಿ ಹಿಡಿದರು.

"ಇಲ್ಲ ಅನ್ನು," ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ.

"ಇಲ್ಲ ಅಂದುಬಿಡು ತಾಯಿ. ಗಾಡಿ ಹೋಗ್ಲಿ. ಗಾಡಿ ಕೆಟ್ಟಿತ್ತು ಅಂತ ಆಗ್ಲಿ."

ಬೆಳಿಗ್ಗೆಯಿಂದ ಆ ಕಾರಿಗಾಗಿ ಜಗತ್ತನ್ನೆಲ್ಲ ಬೈದ ಮನುಷ್ಯ ಈಗ ಅದನ್ನು ಗುಜರಿಗೆ ಕಳಿಸು ಎಂದು ನನ್ನನ್ನು ಬೇಡುತ್ತಿದ್ದರು. ಒಂದು ಸುಳ್ಳು ಸಾಕಾಗಿತ್ತು. ಮಕ್ಕಳು ಬಸ್ಸಿನಲ್ಲಿ ಹೋಗುತ್ತಿದ್ದರು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಮಗ ತಮ್ಮ ಕಾರನ್ನು ಮಾರಿಸಿಬಿಟ್ಟ ಎಂದು ಮಾವ ಬದುಕಿರುವವರೆಗೂ ಬೈದುಕೊಂಡು ಹಾಯಾಗಿ ಇರುತ್ತಿದ್ದರು. ನಾನು ಒಂದು ಕ್ಷಣ ಬಾಯಿ ತೆರೆದೆ ಕೂಡ. ಆದರೆ ನನ್ನ ಕಣ್ಣೆದುರಿಗೆ ಕಿಡಿ ಹಾರಿತ್ತು. ಅವರ ಕೈಯೇ ಸರಿಪಡಿಸಿದ ಕಿಡಿ. ಅದನ್ನು ಇಲ್ಲವೆನ್ನಲು ನನ್ನ ನಾಲಿಗೆ ಏಳಲಿಲ್ಲ. ಆ ದಿನ ಇಲ್ಲ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿಯೂ ಹೋಗಿತ್ತು.

"ಇದೆ!" ಎಂದು ಕಂಬಳಿ ಕಿತ್ತೆಸೆದೆ. "ಕಿಡಿ ಇದೆ ರೀ! ಚೆನ್ನಾಗೇ ಇದೆ!"

ಮಾವ ನನ್ನ ಮಣಿಕಟ್ಟು ಬಿಟ್ಟರು. ನನ್ನ ಮುಖ ಸಹ ನೋಡದೆ ಪ್ಲಗ್ಗನ್ನು ಇಕ್ಕುಳದಿಂದ ಬಿಡಿಸಿ, ತೂತನ್ನು ಕಿರುಬೆರಳಲ್ಲಿ ತಡವಿ, ಕೂರಿಸಿ, ತಿರುಗಿಸಿ, ಪಾನಾ ಹಾಕಿ ಬಿಗಿದರು. ವೈರು ಸಿಕ್ಕಿಸಿದರು. ಒಂದು ಕಡೆಯೂ ಕೈ ತಪ್ಪಲಿಲ್ಲ. "ಹೊಡಿ," ಎಂದರು ಮಗನಿಗೆ.

ಕಾರು ಮೊದಲ ಸಲಕ್ಕೇ ಎದ್ದಿತು. ಓಣಿಯೆಲ್ಲ ಹೊಗೆ. ಮಗಳು ಕಿಟಕಿಯಿಂದ ಚಪ್ಪಾಳೆ ತಟ್ಟಿದಳು. ಗಂಡ ಇಂಜಿನ್ನು ಆರಿಸಿ ಇಳಿದು ಬಂದು, ಸೋತ ಮುಖದಲ್ಲೇ ನಕ್ಕು ಕೀಯನ್ನು ಮುಂದೆ ಹಿಡಿದರು. "ಆಯ್ತಪ್ಪ, ನೀವೇ ಗೆದ್ರಿ. ಮಾತು ಮಾತೇ. ತಗೊಳ್ಳಿ."

ಮಾವ ಕೈ ಚಾಚಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಸಿಡಿದರು. ಬೈಗುಳದ ದನಿಯಲ್ಲೇ ಹೇಳಿದರು, ಬೇರೆ ದನಿ ಅವರಿಗೆ ಗೊತ್ತಿರಲಿಲ್ಲವೇನೋ. "ಕೀ ಅವಳಿಗೆ ಕೊಡೋ! ನನಗೆ ಕಣ್ಣು ಕಾಣಲ್ಲ. ಬೆಳಿಗ್ಗೆಯಿಂದ ಕಿಡಿ ಹಾರ್ತಾನೇ ಇತ್ತು, ನನಗೆ ಕಾಣಲಿಲ್ಲ. ಗೇಟಿಗೆ ತಾಗಿಸಿದ್ದೂ ಅದಕ್ಕೇ, ಕನ್ನಡಿ ಮುರಿದಿದ್ದೂ ಅದಕ್ಕೇ. ಗಾಡಿ ಕೆಟ್ಟಿಲ್ಲ. ತಿಳೀತಾ? ಗಾಡಿಗೆ ಏನೂ ಆಗಿಲ್ಲ!"

ಗಂಡ ಕೀಯನ್ನು ನನ್ನ ಕೈಗಿಟ್ಟರು. ಮಾವ ಕಂಬಳಿಯನ್ನು ಎತ್ತಿಕೊಂಡು, ಗೋಡೆಯನ್ನು ಒಮ್ಮೆ ಮುಟ್ಟಿ, ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಗುಜರಿಯವನ ಲಾರಿ ಬಂತು. ಯಾವ ಗಾಡಿ ಎಳೆಯಬೇಕು ಎಂದು ಕೇಳಿದ. ಒಳಗಿನಿಂದಲೇ ಮಾವನ ಗರ್ಜನೆ ಕೇಳಿಸಿತು: "ನಿನ್ನ ಲಾರೀನೇ ಎಳ್ಕೊಂಡು ಹೋಗೋ!" ಅವನು ತಬ್ಬಿಬ್ಬಾಗಿ ನನ್ನ ಕಡೆ ನೋಡಿದ. ನಾನೂ ಅದನ್ನೇ ಹೇಳಿದೆ.

 ಆ ರಾತ್ರಿ, ಕಣ್ಣಿನ ಡಾಕ್ಟರ ಹತ್ತಿರ ಬುಧವಾರಕ್ಕೆ ಸಮಯ ತೆಗೆದುಕೊಂಡಿದ್ದೇನೆ ಎಂದದ್ದಕ್ಕೆ ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ನನ್ನ ಕೋಪವೂ ಇಳಿದಿರಲಿಲ್ಲ. ಅವರ ಮೇಲೆ, ಗಂಡನ ಮೇಲೆ, ಪೇಪರು ಬಿಟ್ಟದ್ದನ್ನು ಸಿಟ್ಟೆಂದುಕೊಂಡ ನನ್ನ ದಡ್ಡತನದ ಮೇಲೆ. ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದೆ.

ಸೋಮವಾರ ಬೆಳಿಗ್ಗೆ ಕೀ ಹಿಡಿದು ಹೊರಗೆ ಬಂದರೆ ಮಾವ ಆಗಲೇ ಕಾರಿನೊಳಗೆ ಕೂತಿದ್ದರು. ಕಂಡಕ್ಟರ್ ಸೀಟಿನಲ್ಲಿ. ಮುಖ ಗಂಟು ಹಾಕಿಕೊಂಡು, ಕೈ ಕಟ್ಟಿಕೊಂಡು. ಮುಂದಿನ ಸೀಟು ಹೋಯಿತೆಂದು ಮುನಿಸಿಕೊಂಡ ಮಕ್ಕಳೆಲ್ಲ ಹಿಂದೆ ಒತ್ತಿಕೊಂಡು ಕೂತರು. ನಾನು ಕೀ ತಿರುಗಿಸಿದೆ. ಹೊರಟೆವು. ಎರಡನೆಯ ತಿರುವಿನಲ್ಲಿ ಕ್ಲಚ್ಚು ಕೊಂದದ್ದಕ್ಕೂ ಅವರು ಬೈಯಲಿಲ್ಲ. ಅದೇ ನನಗೆ ಸಂಕಟವಾದದ್ದು.

ದೊಡ್ಡ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಅವರು ಕೆಮ್ಮಿದರು.

"ನಿನ್ನೆ ಕಿಡಿ," ಎಂದರು, ಕಿಟಕಿಯ ಕಡೆ ಮುಖ ಮಾಡಿಕೊಂಡೇ. "ಯಾವ ಬಣ್ಣ ಇತ್ತು?"

"ನೀಲಿ."

"ಹಳದಿ ಅಲ್ವಲ್ಲ?"

"ಅಲ್ಲ ಮಾವ. ನೀಲಿ. ಚೆನ್ನಾಗಿ ನೀಲಿ."

ಅವರು ತಲೆದೂಗಿದರು. "ಅಷ್ಟು ನೀಲಿ ಇದ್ರೆ ಪಾಯಿಂಟೇ ಕಳ್ಳ. ಹಳೇ ಕಾಯಿಲ್ ಚೆನ್ನಾಗೇ ಇದೆ ಅಂತಾಯ್ತು. ಎಸೀಬೇಡ."

ನನಗೆ ಎದುರಿನದೆಲ್ಲ ಮಂಜಾಯಿತು. ಒರೆಸಿಕೊಳ್ಳಲು ಕೈಯೆತ್ತಿದ್ದೆ, ಅಷ್ಟರಲ್ಲಿ ಹಿಂದಿನ ಸೀಟಿನಿಂದ ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು: "ಹಸಿರು!"

ಮಾವ ಡ್ಯಾಶ್‌ಬೋರ್ಡಿಗೆ ಅಂಗೈಯಿಂದ ಬಡಿದರು. "ಹಸಿರಂತೆ, ಕೇಳಿಸಲಿಲ್ವಾ?" ಎಂದು ಗದರಿದರು. "ಕಣ್ಣಿದ್ದೂ ಏನು ನೋಡ್ತಾ ಕೂತಿದ್ದೀಯ? ನಡಿ!"